ನಮ್ಮ ಪೂರ್ವ ದಂಪತಿ

ನಾನು ಕರಡು ತಿದ್ದುವವನು. ಪಠ್ಯಪುಸ್ತಕ ಅಚ್ಚು ಹಾಕುವ ಮುದ್ರಣಾಲಯವೊಂದರಲ್ಲಿ, ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು, ಬೇರೆಯವರು ಮಾಡಿದ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುವುದು ನನ್ನ ಉದ್ಯೋಗ. ಹನ್ನೆರಡು ವರ್ಷ ಇದನ್ನೇ ಮಾಡಿ ಮಾಡಿ ಅದೊಂದು ಕಾಯಿಲೆಯಾಗಿ ಅಂಟಿಕೊಂಡಿದೆ. ಬಸ್ಸಿನ ಫಲಕ, ಔಷಧದ ಬಾಟಲಿ, ಕ್ಷೌರದ ಅಂಗಡಿಯ ಬೋರ್ಡು, ಏನು ಕಂಡರೂ ಮೊದಲು ಒತ್ತಕ್ಷರ ನೋಡುತ್ತೇನೆ, ಆಮೇಲೆ ಅರ್ಥ. ಕರಡು ತಿದ್ದುವವನಾದ್ದರಿಂದ ಮನೆಮಂದಿಯೆಲ್ಲ ನನ್ನನ್ನು ‘ಕರಡಿ’ ಅನ್ನುತ್ತಾರೆ. ಹೆಸರಿಟ್ಟವರು ನಮ್ಮ ಭಾವ. ಭಾವ ವರ್ಷಕ್ಕೊಂದೇ ತಮಾಷೆ ಮಾಡುವ ಮನುಷ್ಯ, ಆ ವರ್ಷದ್ದು ನನ್ನ ತಲೆಗೆ ಬಂತು.

ಅಕ್ಕನ ಮದುವೆಯಾದಾಗ ನನಗೆ ಒಂಬತ್ತು ವರ್ಷ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಅಕ್ಕ ಗಂಡನ ಮನೆಗೆ ಹೊರಟಾಗ ಅವಳ ಎರಡು ಪೆಟ್ಟಿಗೆಗಳ ಜೊತೆ ಮೂರನೆಯ ಸಾಮಾನಾಗಿ ನಾನೂ ಹೊರಟೆ. ಬಾಗಿಲಲ್ಲಿ ನಿಂತಿದ್ದ ಭಾವ ಪೆಟ್ಟಿಗೆಗಳನ್ನು ಇಳಿಸಿಕೊಂಡರು, ನನ್ನನ್ನೂ ಇಳಿಸಿಕೊಂಡರು, ಇದೇನು ಹೆಚ್ಚಿಗೆ ಬಂದಿದೆಯಲ್ಲ ಎಂದು ಕೇಳಲಿಲ್ಲ. ಅವರದು ಕನ್ನಡಕದ ಅಂಗಡಿ. ಮಕ್ಕಳಾಗಲಿಲ್ಲ. ನನ್ನನ್ನು ಓದಿಸಿದರು, ಕೆಲಸಕ್ಕೆ ಹಚ್ಚಿದರು, ಮದುವೆ ಮಾಡಿದರು, ಮದುವೆಯಾದ ಮೇಲೂ ಮಹಡಿಯ ಎರಡು ಕೋಣೆ ಬಿಟ್ಟುಕೊಟ್ಟರು. ಈ ಇಪ್ಪತ್ತೈದು ವರ್ಷದಲ್ಲಿ ನಾನು ಅವರಿಬ್ಬರಿಗೆ ಒಂದು ಸಲವೂ ಧನ್ಯವಾದ ಹೇಳಿಲ್ಲ. ನಮ್ಮ ಮನೆಯಲ್ಲಿ ಆ ಪದ ಬಳಕೆಯಲ್ಲೇ ಇರಲಿಲ್ಲ.

ಅವರ ಮದುವೆಗೆ ಇಪ್ಪತ್ತೈದು ತುಂಬುವ ಭಾನುವಾರ ಹತ್ತಿರ ಬಂದಾಗ ಈ ಸಾಲ ತೀರಿಸಲೇಬೇಕು ಅನ್ನಿಸಿತು. ಹಳೆಯ ಕ್ಯಾಸೆಟ್ಟುಗಳಲ್ಲಿ ಅಕ್ಕ ಹಾಡಿದ್ದು, ಭಾವ ನನಗೆ ಪಾಠ ಓದಿಸಿದ್ದು ಎಲ್ಲ ಇತ್ತು. ಅವನ್ನೆಲ್ಲ ಒಂದು ಸಿಡಿಗೆ ಇಳಿಸಿ, ಕೊನೆಯಲ್ಲಿ ನನ್ನದೇ ದನಿಯಲ್ಲಿ ಒಂದು ಕೃತಜ್ಞತೆಯ ಭಾಷಣ ಸೇರಿಸಿದೆ. ನಲವತ್ತು ಪ್ರತಿ ಮಾಡಿ ಬಂಧುಬಳಗಕ್ಕೆ ಹಂಚುವುದು, ಭಾನುವಾರ ಬಡಾವಣೆಯ ಸಂಘದ ಸಭಾಂಗಣದಲ್ಲಿ ಎಲ್ಲರೂ ಸೇರಿ ಅಕ್ಕ ಭಾವನನ್ನು ಬೆರಗುಗೊಳಿಸುವುದು. ಅಲ್ಲಿಯವರೆಗೆ ಅವರಿಬ್ಬರಿಗೆ ಸುಳಿವೂ ಸಿಗಬಾರದು.

“ಬಾಯಲ್ಲಿ ಹೇಳಿಬಿಡಿ, ಎರಡು ನಿಮಿಷದ ಕೆಲಸ” ಅಂದಳು ನನ್ನ ಹೆಂಡತಿ.

“ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಅಚ್ಚಾದದ್ದು ಉಳಿಯುತ್ತೆ” ಅಂದೆ ನಾನು, ಮುದ್ರಣಾಲಯದ ಗಾಂಭೀರ್ಯದಿಂದ.

ಸಿಡಿಯ ಮೇಲೆ ಮಾರ್ಕರ್ ಪೆನ್ನಿನಿಂದ ಗೀಚುವವರನ್ನು ಕಂಡರೆ ನನಗಾಗದು. ಸ್ಟಿಕ್ಕರ್ ಅಂಟಿಸುವವರು ಅವರಿಗಿಂತ ಒಂದು ತೂಕ ಮೇಲು, ಅಷ್ಟೇ. ನನಗೆ ಬೇಕಾದದ್ದು ಸಿಡಿಯ ಮೈಮೇಲೇ ನೇರವಾಗಿ ಅಚ್ಚಾದ, ದೊಡ್ಡ ಕಂಪನಿಯವರು ಮಾಡಿಸಿದಂತೆ ಕಾಣುವ ಲೇಬಲ್ಲು. ಅದಕ್ಕೆ ಬಿಳಿ ಮೈಯ ಸಿಡಿಗಳೇ ಬೇರೆ ಬರುತ್ತವೆ, ಅವನ್ನು ಹಾಕುವ ಒಂದು ತೆಳ್ಳಗಿನ ತಟ್ಟೆ ಪ್ರಿಂಟರಿನ ಜೊತೆಗೇ ಬರುತ್ತದೆ. ತಟ್ಟೆಯಲ್ಲಿ ಸಿಡಿ ಕೂರಿಸಿ ಬಾಯಿಗೆ ಕೊಟ್ಟರೆ ಪ್ರಿಂಟರ್ ಅದನ್ನು ಒಳಗೆ ಎಳೆದುಕೊಂಡು, ಸ್ವಲ್ಪ ಗೊಣಗಿ, ಚಿತ್ರದ ಸಮೇತ ಹೊರಗೆ ಬಿಡುತ್ತದೆ. ಹೆಂಡತಿ ಮೊದಲನೆಯದು ಹೊರಗೆ ಬಂದಾಗ ಕೈತಟ್ಟಿದಳು. ನಾನು ತಟ್ಟಲಿಲ್ಲ. ವೃತ್ತಿಪರರು ಹಾಗೆಲ್ಲ ಕೈ ತಟ್ಟುವುದಿಲ್ಲ.

ವಿನ್ಯಾಸವನ್ನು ನಾನೇ ಮಾಡಿದ್ದೆ. ಮೇಲರ್ಧದಲ್ಲಿ ಅಕ್ಕ ಭಾವ ಜೊತೆಗೆ ನಿಂತ ಫೋಟೋ. ನಟ್ಟ ನಡುವೆ ಸಿಡಿಗೆ ತೂತಿರುತ್ತದಲ್ಲ, ಅದಕ್ಕೆ ಅಕ್ಷರ ಬೀಳದ ಹಾಗೆ ಜಾಣತನದಿಂದ ಸಾಲನ್ನು ಒಡೆದಿದ್ದೆ. ತೂತಿನ ಎಡಕ್ಕೆ ‘ನಮ್ಮ’, ಬಲಕ್ಕೆ ‘ಅಪೂರ್ವ’, ಕೆಳಗೆ ದೊಡ್ಡದಾಗಿ ‘ದಂಪತಿ’. ಅದರ ಕೆಳಗೆ ‘ಇಪ್ಪತ್ತೈದು ವರ್ಷಗಳಿಗೆ ಕೃತಜ್ಞತೆಗಳು’. ಕಾಗದದ ಮೇಲೆ ಅಚ್ಚು ತೆಗೆದು ಒಂಬತ್ತು ಸಲ ಕರಡು ನೋಡಿದೆ. ಒಂದು ಸೊನ್ನೆಯೂ ಆಚೀಚೆ ಇರಲಿಲ್ಲ. ಸಿಡಿಯ ಮೇಲೂ ಸರಿಯಾಗಿಯೇ ಬಂತು. ಅದರಲ್ಲೂ ತೂತಿನ ಅಂಚಿನ ಪಾರದರ್ಶಕ ಪ್ಲಾಸ್ಟಿಕ್ ಬಳೆಯ ಮೇಲೆ ಬಿದ್ದಿದ್ದ ‘ಅ’ ಮಿಕ್ಕೆಲ್ಲ ಅಕ್ಷರಗಳಿಗಿಂತ ಹೆಚ್ಚು ಹೊಳೆಯುತ್ತಿತ್ತು. ಅದು ಗುಣಮಟ್ಟದ ಹೊಳಪು ಅಂದುಕೊಂಡೆ. ಶಾಯಿ ಹೀರಿಕೊಳ್ಳುವುದು ಬಿಳಿ ಮೈ ಮಾತ್ರ, ಬರೀ ಪ್ಲಾಸ್ಟಿಕ್ಕಿನ ಮೇಲೆ ಅದು ಒಣಗುವುದೇ ಇಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ.

ನಲವತ್ತೂ ಸಿಡಿಗಳನ್ನು ಕಾಗದದ ಕವರಿಗೆ ತೂರಿಸಿದೆ. ಪ್ರತಿಯೊಂದರ ಜೊತೆ ಒಂದು ಚೀಟಿ: ‘ಭಾನುವಾರ ಹನ್ನೊಂದಕ್ಕೆ ಸಭಾಂಗಣಕ್ಕೆ ತಪ್ಪದೆ ಬನ್ನಿ. ಅಲ್ಲಿಯವರೆಗೆ ದಯವಿಟ್ಟು ಅವರಿಬ್ಬರ ಎದುರು ಈ ವಿಷಯ ಎತ್ತಬೇಡಿ. ಆಗಬೇಕಾದದ್ದು ಹಿರಿಯರಾದ ನಿಮ್ಮೆಲ್ಲರ ಸಮ್ಮುಖದಲ್ಲೇ ಆಗಲಿ.’ ಕವರಿನೊಳಗೆ ತೂರುವಾಗ ಮೂವತ್ತೊಂಬತ್ತು ‘ಅ’ಗಳು ಒರೆಸಿಹೋದವು. ನಲವತ್ತನೆಯದು ನನ್ನ ಹೆಬ್ಬೆರಳಿಗೆ ಬಂದಿತ್ತು. ಬರೀ ಶಾಯಿ ಎಂದು ತೊಳೆದುಕೊಂಡೆ.

ಇನ್ನು ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಆದರೂ ಓದುವವರಿಗೆ ತೊಂದರೆಯಾಗದಿರಲಿ ಎಂದು ಕ್ರಮವಾಗಿ ಹೇಳುತ್ತೇನೆ.

ಸಿಡಿ ತಲುಪಿದ ನಲವತ್ತು ಮನೆಗಳಲ್ಲಿ ಅದನ್ನು ಹಾಕಿ ಕೇಳುವ ಯಂತ್ರ ಒಂದು ಮನೆಯಲ್ಲೂ ಇರಲಿಲ್ಲ. ಕಾಲ ಮುಂದೆ ಹೋಗಿಬಿಟ್ಟಿದೆ, ನಾನು ಗಮನಿಸಿರಲಿಲ್ಲ. ಹಾಗಾಗಿ ಅಕ್ಕನ ಹಾಡನ್ನು ಯಾರೂ ಕೇಳಲಿಲ್ಲ, ನನ್ನ ಭಾಷಣವನ್ನಂತೂ ಮೊದಲೇ ಕೇಳಲಿಲ್ಲ. ಎಲ್ಲರೂ ಲೇಬಲ್ಲನ್ನು ಓದಿದರು. ನಮ್ಮ ಪೂರ್ವ ದಂಪತಿ. ಇಪ್ಪತ್ತೈದು ವರ್ಷಗಳಿಗೆ ಕೃತಜ್ಞತೆಗಳು.

ಮೊದಲು ಓದಿದವರು ಎದುರುಮನೆಯ ಸಂಘದ ಕಾರ್ಯದರ್ಶಿ. ಬಡಾವಣೆಯ ನೀರು, ದೀಪ, ನಾಯಿ ಇವಿಷ್ಟರ ಜವಾಬ್ದಾರಿ ಹೊತ್ತವರು. ಅವರಿಗೆ ಇದು ದಿಕ್ಕಿನ ವಿಚಾರವಾಗಿ ಕಂಡಿತು.

“ಪೂರ್ವ ದಂಪತಿ ಅಂತೆ ಕಣೇ. ಅವರ ಮನೆ ರಸ್ತೆಯ ಪೂರ್ವಕ್ಕಿದೆಯಲ್ಲ, ಅದಕ್ಕೆ” ಎಂದು ಹೆಂಡತಿಗೆ ವಿವರಿಸಿದರು.

“ಹಾಗಾದ್ರೆ ನಾವು ಪಶ್ಚಿಮ ದಂಪತೀನಾ? ನಮಗ್ಯಾಕೆ ಸಿಡಿ ಮಾಡ್ಸಿಲ್ಲ?” ಎಂದು ಆಕೆ ಕೇಳಿದರು.

ಕಾರ್ಯದರ್ಶಿಗಳು ಸಿಡಿ ಹಿಡಿದುಕೊಂಡು ಹಿಂದಿನ ಬೀದಿಯ ದೊಡ್ಡಪ್ಪನ ಬಳಿಗೆ ಹೋದರು. ದೊಡ್ಡಪ್ಪ ಅಂದರೆ ಭಾವನ ದೊಡ್ಡಪ್ಪ. ನ್ಯಾಯಾಲಯದಲ್ಲಿ ನಲವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ತೀರ್ಪು ಕೊಡುವ ಅವಕಾಶ ಒಮ್ಮೆಯೂ ಸಿಗಲಿಲ್ಲ ಎಂಬ ಕೊರಗು ಇನ್ನೂ ಇದೆ. ಅವರು ಆಗಲೇ ತಮ್ಮ ಪ್ರತಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

“ದಿಕ್ಕಲ್ಲ ಸ್ವಾಮಿ. ಪೂರ್ವ ವಿದ್ಯಾರ್ಥಿ ಅಂದ್ರೆ ಯಾರು?”

“ಮೊದಲು ವಿದ್ಯಾರ್ಥಿ ಆಗಿದ್ದು ಈಗ ಅಲ್ಲದವನು.”

“ಹಾಗಾದ್ರೆ ಪೂರ್ವ ದಂಪತಿ ಅಂದ್ರೆ?”

ಕಾರ್ಯದರ್ಶಿಗಳು ಕೂತಲ್ಲೇ ಬೆವರಿದರು. “ಇರಲಾರದು ದೊಡ್ಡಪ್ಪ. ನಿನ್ನೆ ಸಂಜೆ ಇಬ್ಬರೂ ಜೊತೇಲೇ ತರಕಾರಿ ತರ್ತಿದ್ರು.”

“ಒಬ್ಬೊಬ್ಬರ ಕೈಲಿ ಒಂದೊಂದು ಚೀಲ ಇತ್ತೋ, ಇಬ್ಬರಿಗೂ ಸೇರಿ ಒಂದೇ ಚೀಲ ಇತ್ತೋ?”

“ಒಂದೊಂದು ಚೀಲ.”

“ನೋಡಿ ಮತ್ತೆ” ಅಂದರು ದೊಡ್ಡಪ್ಪ. “ಸುಳ್ಳಾಗಿದ್ರೆ ಪೆನ್ನಲ್ಲಿ ಗೀಚಿರೋರು. ಇಷ್ಟು ನೀಟಾಗಿ, ಫೋಟೋ ಸಮೇತ ಅಚ್ಚಾಗಿದೆ ಅಂದ್ರೆ ವಕೀಲರ ಕಚೇರಿಯಿಂದಲೇ ಬಂದಿದೆ. ಚೀಟಿ ಓದಿ. ಹಿರಿಯರ ಸಮ್ಮುಖದಲ್ಲಿ ಆಗಲಿ ಅಂತ ಇದೆ. ಹಿರಿಯ ಅಂದ್ರೆ ನಾನು.”

ಲೇಬಲ್ಲು ವೃತ್ತಿಪರವಾಗಿ ಕಾಣಲಿ ಎಂದು ನಾನು ಪಟ್ಟ ಶ್ರಮವೆಲ್ಲ ಹೀಗೆ ಸಾರ್ಥಕವಾಯಿತು. ನಾನು ಸಿಡಿ ಹಂಚಿದೆ, ಮನೆ ಸಿಡಿಯಿತು.

ಅವರಿಬ್ಬರ ಎದುರು ವಿಷಯ ಎತ್ತಬೇಡಿ ಎಂದು ಬರೆದಿದ್ದೆನಲ್ಲ, ಎಲ್ಲರೂ ಅದನ್ನು ಅಕ್ಷರಶಃ ಪಾಲಿಸಿದರು. ಇಬ್ಬರ ಎದುರು ಎತ್ತಲಿಲ್ಲ, ಒಬ್ಬೊಬ್ಬರ ಎದುರು ಬೇರೆ ಬೇರೆ ಎತ್ತಿದರು. ಕಾರ್ಯದರ್ಶಿಗಳು ಕಣ್ಣು ತೋರಿಸುವ ನೆವದಲ್ಲಿ ಭಾವನ ಅಂಗಡಿಗೆ ಹೋದರು. ಭಾವ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ತೋರಿಸಿ, “ಮೂರನೇ ಸಾಲು ಓದಿ” ಅಂದರು.

ಕಾರ್ಯದರ್ಶಿಗಳು ಮೂರನೇ ಸಾಲು ಓದಲಿಲ್ಲ. ಭಾವನ ಕೈ ಹಿಡಿದುಕೊಂಡು, “ಧೈರ್ಯವಾಗಿರಿ. ಇನ್ನು ಮುಂದೆ ನೀರಿನ ಸಂಪರ್ಕ ಯಾರ ಹೆಸರಲ್ಲಿರ್ಬೇಕು ಅಂತ ನಿಧಾನಕ್ಕೆ ಹೇಳಿ, ಅರ್ಜಿ ನಾನೇ ತುಂಬ್ತೀನಿ” ಎಂದು ಸಿಡಿ ತೆಗೆದು ಮೇಜಿನ ಮೇಲಿಟ್ಟರು. ಭಾವ ಓದಿದರು. ಅವರು ಮೊದಲೇ ಮಿತಭಾಷಿ, ಆ ದಿನ ಇದ್ದ ಮಾತೂ ನಿಂತಿತು. ಸಿಡಿ ಮಾಡಿದವನು ಕರಡಿ. ಕರಡಿ ಅಕ್ಕನ ತಮ್ಮ. ಅಂದರೆ ಮಾಡಿಸಿದವಳು ಅಕ್ಕ. ಕನ್ನಡಕದ ಗಾಜು ಉಜ್ಜುವಷ್ಟೇ ನಿಖರವಾಗಿ ಲೆಕ್ಕ ಹಾಕಿ ಭಾವ ತಪ್ಪು ತೀರ್ಮಾನಕ್ಕೆ ಬಂದರು.

ಅದೇ ಹೊತ್ತಿಗೆ ಮನೆಯಲ್ಲಿದ್ದ ಅಕ್ಕನನ್ನು ನಮ್ಮ ಚಿಕ್ಕಮ್ಮ ಫೋನಿನಲ್ಲಿ ಸಮಾಧಾನ ಮಾಡುತ್ತಿದ್ದಳು. “ಹೋಗ್ಲಿ ಬಿಡಮ್ಮಾ. ಮಾತೇ ಆಡದ ಗಂಡಸಿನ ಜೊತೆ ಇಪ್ಪತ್ತೈದು ವರ್ಷ ಇದ್ದೆ. ಬೇರೆ ಯಾರಾದ್ರೂ ಗೋಡೆ ಜೊತೆ ಮಾತಾಡೋಕೆ ಶುರು ಮಾಡಿರೋರು.” ಅಕ್ಕ ಏನೆಂದು ಬಿಡಿಸಿ ಕೇಳಿ, ಫೋನಿಟ್ಟಳು. ಅವಳ ಲೆಕ್ಕವೂ ಸರಳವಾಗಿತ್ತು. ಕರಡಿ ಭಾವ ಹಾಕಿದ ಗೆರೆ ದಾಟುವವನಲ್ಲ. ಅಂದರೆ ಮಾಡಿಸಿದವರು ಇವರೇ.

ಸಂಜೆ ನಾನು ಕೆಲಸದಿಂದ ಬಂದಾಗ ಅಕ್ಕ ಮೆಟ್ಟಿಲ ಬಳಿ ನಿಂತಿದ್ದಳು.

“ಅದೇನೋ ಸಿಡಿಯಂತೆ. ನೀನೇ ಪ್ರಿಂಟ್ ಮಾಡಿದ್ಯಂತೆ?”

ಗುಟ್ಟು ರಟ್ಟಾಯಿತಲ್ಲ ಎಂದು ಬೇಸರವಾದರೂ ಹೆಮ್ಮೆ ತಡೆಯಲಾಗಲಿಲ್ಲ. “ಹೌದಕ್ಕ, ನನ್ನ ಕೈಯಾರೆ. ಒಂಬತ್ತು ಸಲ ತಿದ್ದಿದ್ದೀನಿ.”

“ಅವರಿಗೆ ಇದರಿಂದ ಸಂತೋಷಾನಾ?”

“ಭಾವನಿಗಾ? ಮೇಲೆ ತೋರಿಸಿಕೊಳ್ಳಲ್ಲ. ಒಳಗೊಳಗೇ ಕುಣೀತಾರೆ ನೋಡು.”

ಅಕ್ಕ ತಲೆಯಾಡಿಸಿ ಒಳಗೆ ಹೋದಳು. ಮರುದಿನ ಬೆಳಿಗ್ಗೆ ಭಾವ ಗೇಟಿನ ಹತ್ತಿರ ತಡೆದರು. “ಕರಡಿ, ನಿನ್ನ ಅಕ್ಕ ಚೆನ್ನಾಗಿ ಯೋಚನೆ ಮಾಡಿದ್ದಾಳಾ?”

ಅಕ್ಕ ಭಾವನಿಗೂ ಹೇಳಿಬಿಟ್ಟಿದ್ದಾಳೆ ಅಂದುಕೊಂಡೆ. “ಅಕ್ಕಂದು ಏನೂ ಇಲ್ಲ ಭಾವ, ಎಲ್ಲಾ ನಂದೇ. ನನಗೆ ಬಹಳ ವರ್ಷದಿಂದ ಇದೇ ಆಸೆ ಇತ್ತು. ಭಾನುವಾರದವರೆಗೆ ಇನ್ನೇನೂ ಕೇಳಬೇಡಿ.”

ಭಾವ ನನ್ನ ಮುಖವನ್ನು ಒಂದು ನಿಮಿಷ ನೋಡಿದರು. ಇಷ್ಟು ವರ್ಷದಲ್ಲಿ ಅವರು ಹಾಗೆ ನೋಡಿದ್ದು ನನಗೆ ನೆನಪಿಲ್ಲ. ಅಕ್ಕನದನ್ನು ನಾನು ಮೈಮೇಲೆ ಹಾಕಿಕೊಳ್ಳುತ್ತಿದ್ದೇನೆ ಅಂದುಕೊಂಡರಂತೆ. ಆನಂದ ಹೆಚ್ಚಾಗಿದೆ ಪಾಪ, ಅಂದುಕೊಂಡು ಬಸ್ಸು ಹತ್ತಿದೆ.

“ಕೆಳಗೆ ಏನೋ ಆಗಿದೆ ರೀ” ಅಂದಳು ಹೆಂಡತಿ ಶನಿವಾರ. “ಅಕ್ಕ ಭಾವನ ಶರ್ಟುಗಳಿಗೆಲ್ಲ ಗುಂಡಿ ಗಟ್ಟಿಯಾಗಿ ಹೊಲೀತಿದ್ದಾರೆ. ಒಂದೂ ಬಿಟ್ಟಿಲ್ಲ. ಭಾವ ಅಂಗಡಿಯಿಂದ ಅಕ್ಕನಿಗೆ ಐದು ಕನ್ನಡಕ ಮಾಡಿ ತಂದಿದ್ದಾರೆ. ಒಂದಕ್ಕಿಂತ ಒಂದು ಪವರ್ ಜಾಸ್ತಿ.”

“ಐದು ಯಾಕೆ?”

“ನಾನೂ ಕೇಳ್ದೆ. ಎರಡೆರಡು ವರ್ಷಕ್ಕೆ ಒಂದೊಂದು, ಮುಂದೆ ಹತ್ತು ವರ್ಷಕ್ಕಾಗುತ್ತೆ, ಆಮೇಲೆ ಬೇರೆ ಅಂಗಡಿಯವರು ಸರಿಯಾಗಿ ನೋಡ್ತಾರೋ ಇಲ್ವೋ ಅಂದ್ರು.”

“ಭಾನುವಾರದ ಉಡುಗೊರೆ ಇರ್ಬೇಕು ಬಿಡು” ಅಂದೆ. ಹನ್ನೆರಡು ವರ್ಷ ಬೇರೆಯವರ ತಪ್ಪು ಹುಡುಕಿದವನ ಬುದ್ಧಿ ಅಷ್ಟು ಚುರುಕಾಗಿತ್ತು.

ಭಾನುವಾರ ಸಿಡಿ ನುಡಿಸುವ ಯಂತ್ರವೊಂದನ್ನು ಮುದ್ರಣಾಲಯದ ಉಗ್ರಾಣದಿಂದ ಹುಡುಕಿ, ಧೂಳು ಕೊಡವಿ, ನಾನೊಂದು ಕಡೆ ಹೆಂಡತಿಯೊಂದು ಕಡೆ ಹಿಡಿದು ಸಭಾಂಗಣಕ್ಕೆ ತರುವಷ್ಟರಲ್ಲಿ ಹನ್ನೊಂದೂಕಾಲು. ಒಳಗೆ ಕಾಲಿಟ್ಟವರು ಬಾಗಿಲಲ್ಲೇ ನಿಂತೆವು. ಕುರ್ಚಿಗಳನ್ನು ಎರಡು ಭಾಗ ಮಾಡಿ ಮಧ್ಯೆ ದಾರಿ ಬಿಟ್ಟಿದ್ದರು. ಒಂದು ಕಡೆ ಅಕ್ಕನೂ ಅವಳ ಕಡೆಯವರೂ, ಇನ್ನೊಂದು ಕಡೆ ಭಾವನೂ ಅವರ ಕಡೆಯವರೂ. ಮುಂದೆ ಮೇಜಿನ ಹಿಂದೆ ದೊಡ್ಡಪ್ಪ, ಕೋಟು ಹಾಕಿಕೊಂಡು, ನನ್ನ ಸಿಡಿಯನ್ನು ಸಾಕ್ಷ್ಯದಂತೆ ಎದುರಿಗಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಕಾರ್ಯದರ್ಶಿಗಳು ಬರೆದುಕೊಳ್ಳುತ್ತಿದ್ದರು.

“ಸರಿ, ಕೂಡಿ ಬಾಳೋದು ಆಗಲ್ಲ ಅಂತಾಯ್ತು” ಎನ್ನುತ್ತಿದ್ದರು ದೊಡ್ಡಪ್ಪ. “ಮನೆ ಯಾರಿಗೆ?”

“ಅವಳಿಗೆ” ಅಂದರು ಭಾವ.

“ನನಗ್ಯಾಕೆ? ಅವರು ದುಡಿದು ಕಟ್ಟಿದ್ದು. ಅವರಿಗೇ ಇರ್ಲಿ” ಅಂದಳು ಅಕ್ಕ.

“ಅಂಗಡಿ?”

“ಅದೂ ಅವಳಿಗೆ.”

“ಅಂಗಡಿ ಇಟ್ಕೊಂಡು ನಾನು ಯಾರ ಕಣ್ಣು ನೋಡ್ಲಿ? ಬೇಡ. ಪಾತ್ರೆ ಪಗಡೆ, ಫ್ರಿಜ್ಜು, ಎಲ್ಲ ಅವರೇ ಇಟ್ಕೊಳ್ಲಿ. ಒಬ್ಬರೇ ಇರ್ತಾರೆ, ಬೇಕಾಗುತ್ತೆ.”

ದೊಡ್ಡಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಲವತ್ತು ವರ್ಷ ಕೋರ್ಟಲ್ಲಿ ಕೂತಿದ್ದೀನಿ. ನೀನೇ ಇಟ್ಕೋ, ನೀನೇ ಇಟ್ಕೋ ಅಂತ ಹೊಡೆದಾಡೋರನ್ನ ನೋಡಿಲ್ಲ. ಹೀಗಾದ್ರೆ ತೀರ್ಪು ಹೇಗೆ ಕೊಡ್ಲಿ? ಒಬ್ಬರಾದ್ರೂ ಏನಾದ್ರೂ ಕೇಳ್ರಪ್ಪ!”

ಭಾವ ಗಂಟಲು ಸರಿಮಾಡಿಕೊಂಡರು.

“ಒಂದು ಕೇಳ್ತೀನಿ. ಕರಡಿ ನನ್ನ ಹತ್ರ ಇರ್ಲಿ.”

ಇಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಅಕ್ಕ ದಡಕ್ಕನೆ ಎದ್ದಳು. “ಏನಂದ್ರಿ? ಮನೆ ತಗೊಳ್ಳಿ, ಅಂಗಡಿ ತಗೊಳ್ಳಿ, ನಾನು ಮಾತಾಡಿದ್ನಾ? ಕರಡಿಗೆ ಕೈ ಹಾಕಿದ್ರೆ ಸುಮ್ನಿರಲ್ಲ. ಅವನು ನನ್ನ ಒಡಹುಟ್ಟಿದವನು!”

“ನೀನು ಬರೀ ಜೊತೆಗೆ ಹುಟ್ಟಿದ್ದು. ಬೆಳೆಸಿದ್ದು ನಾನು.”

“ನಾನು ಬೆಳೆಸ್ಲಿಲ್ವಾ? ಅನ್ನ ಹಾಕಿದ್ಯಾರು?”

“ಅನ್ನ ಯಾರು ಬೇಕಾದ್ರೂ ಹಾಕ್ತಾರೆ. ಹದಿನೇಳರ ಮಗ್ಗಿ ಹೇಳಿಕೊಟ್ಟಿದ್ದು ಯಾರು? ಜ್ವರ ಬಂದಾಗ ಹೆಗಲ ಮೇಲೆ ಹಾಕ್ಕೊಂಡು ಆಸ್ಪತ್ರೆಗೆ ಓಡಿದ್ದು ಯಾರು? ಸೈಕಲ್ ಹಿಂದೆ ಓಡಿ ಓಡಿ ನನ್ನ ಮಂಡಿ ಹೋಗಿದ್ದು ಯಾರಿಂದ?” ಭಾವ ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ. ಚಿಕ್ಕಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು.

“ಅಲ್ಲಾ, ಅವರಿಗೆ ಮೂವತ್ತನಾಲ್ಕು ವರ್ಷ” ಅಂದಳು ನನ್ನ ಹೆಂಡತಿ ಬಾಗಿಲಿನಿಂದ. “ನಾನು ಯಾರ ಪಾಲಿಗೆ ಅಂತಾನೂ ಯಾರಾದ್ರೂ ಬರ್ಕೊಂಡಿದ್ದೀರಾ?”

ಎಲ್ಲರೂ ತಿರುಗಿ ನೋಡಿದರು. ನನ್ನ ಕೈಯಿಂದ ಯಂತ್ರ ಜಾರಿ ಧಡಾರನೆ ಬಿತ್ತು.

“ಯಾರು ಬೇರೆ ಆಗ್ತಿರೋದು?” ಎಂದು ಕಿರುಚಿದೆ.

“ಕೇಳ್ತಾನೆ ನೋಡಿ! ನೀನೇ ಅಲ್ವೇನೋ ಅಚ್ಚು ಹಾಕಿ ಹಂಚಿದ್ದು?” ದೊಡ್ಡಪ್ಪ ಸಿಡಿಯನ್ನು ಮುಂದೆ ಹಿಡಿದರು.

ನಾನು ಓದಿದೆ. ಇನ್ನೊಮ್ಮೆ ಓದಿದೆ. ಹನ್ನೆರಡು ವರ್ಷದ ಕೆಂಪು ಶಾಯಿಯೆಲ್ಲ ಮುಖಕ್ಕೆ ಏರಿತು.

“‘ಅ’ ಎಲ್ಲಿ? ಇಲ್ಲೊಂದು ‘ಅ’ ಇತ್ತು! ಅಪೂರ್ವ! ನಮ್ಮ ಅಪೂರ್ವ ದಂಪತಿ! ಒಂಬತ್ತು ಸಲ ನೋಡಿದ್ದೀನಿ!”

ಸಭೆಯಲ್ಲಿದ್ದ ಕೆಲವರು ಅಭ್ಯಾಸಬಲದಿಂದ ಕುರ್ಚಿಯ ಕೆಳಗೆ ಹುಡುಕಿದರು. ಭಾವ ಮಾತ್ರ ಎದ್ದು ಬಂದು, ಜೇಬಿನಿಂದ ಗಾಜು ಪರೀಕ್ಷಿಸುವ ಭೂತಗನ್ನಡಿ ತೆಗೆದು, ಮೊದಲು ಸಿಡಿ ನೋಡಿದರು, ಆಮೇಲೆ ಅದರ ಕವರನ್ನು ಹರಿದು ಒಳಮೈ ನೋಡಿದರು. ಅಲ್ಲೊಂದು ‘ಅ’ ಇತ್ತು, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ.

“ಪ್ಲಾಸ್ಟಿಕ್ ಮೇಲೆ ಶಾಯಿ ನಿಲ್ಲಲ್ಲ ಕಣೋ” ಅಂದರು ಭಾವ. “ಇಲ್ಲಿ ಒರೆಸಿಹೋಗಿದೆ.”

ನಲವತ್ತು ಕವರುಗಳೂ ಹರಿದವು. “ನಮ್ಮದ್ರಲ್ಲೂ ಇದೆ!” “ಇಲ್ಲೂ ಒಂದು ಇದೆ!” ಎಂದು ಎರಡೂ ಕಡೆಯ ಕುರ್ಚಿಗಳಿಂದ ಕೂಗು ಎದ್ದಿತು. ಕಾರ್ಯದರ್ಶಿಗಳು ತಮ್ಮ ಅರ್ಜಿಗಳನ್ನು ಮಡಿಸಿ ಜೇಬಿಗಿಟ್ಟುಕೊಂಡು, “ಅಂದ್ರೆ ದಿಕ್ಕೂ ಅಲ್ಲ” ಎಂದು ಹೆಂಡತಿಗೆ ಹೇಳಿದರು.

ಅಕ್ಕ ಭಾವನನ್ನು ನೋಡಿದಳು. “ನೀವು ಹೇಳಿ ಮಾಡ್ಸಿದ್ದಲ್ವಾ?”

“ನೀನು ಹೇಳಿದ್ದು ಅಂದ್ಕೊಂಡೆ.”

“ನಾನ್ಯಾಕೆ ಹೇಳ್ಲಿ?”

“ನಾನು ಮಾತಾಡಲ್ಲ ಅಂತ.”

“ಮಾತಾಡ್ದೇ ಇದ್ರೆ ಏನು, ಐದು ಕನ್ನಡಕ ಮಾಡೋಕೆ ಕೈ ಹೇಗೆ ಬಂತು?” ಎಂದು ಅಕ್ಕ ಅಲ್ಲೇ ಕುರ್ಚಿಯಲ್ಲಿ ಕುಸಿದು, ಸೆರಗಿನಿಂದ ಕಣ್ಣೊರೆಸಿಕೊಂಡು, ನಗತೊಡಗಿದಳು.

ಯಂತ್ರ ಬಿದ್ದು ಒಡೆದಿತ್ತು. ನಾನು ತಿದ್ದಿ ತೀಡಿದ ಭಾಷಣ ಸಿಡಿಯೊಳಗೇ ಉಳಿಯಿತು. ಎಲ್ಲರ ಮುಂದೆ ನಿಂತು ಹೇಳಲು ಹೋದೆ. “ಅಕ್ಕ, ಭಾವ, ನೀವಿಬ್ಬರೂ ನನಗೆ...” ಅನ್ನುವಷ್ಟರಲ್ಲಿ ಮುಂದಿನ ಸಾಲು ಮರೆತುಹೋಯಿತು. ಮನೆ ಬೇಡ, ಅಂಗಡಿ ಬೇಡ ಎಂದವರು ನನ್ನೊಬ್ಬನಿಗಾಗಿ ಊರೆದುರು ಜಗಳಕ್ಕೆ ನಿಂತಿದ್ದರು. ಆ ಋಣ ಯಾವ ಸಿಡಿಯಲ್ಲೂ ಹಿಡಿಸುವಂಥದ್ದಲ್ಲ. ಸಣ್ಣ ಮಗುವಿನ ಹಾಗೆ ಅತ್ತೆ. “ಥ್ಯಾಂಕ್ಸ್” ಎಂಬ ಒಂದು ಪದವಂತೂ ಬಾಯಿಂದ ಬಂತು, ಅದರಲ್ಲಿ ಎಷ್ಟು ಅಕ್ಷರ ಬಿಟ್ಟುಹೋಯಿತೋ ನಾನು ನೋಡಲಿಲ್ಲ.

ದೊಡ್ಡಪ್ಪ ಸ್ವಲ್ಪ ನಿರಾಶೆಯಿಂದಲೇ ಮೇಜು ಕುಟ್ಟಿದರು. “ಸರಿ, ಹಾಗಾದ್ರೆ ಕೇಸು ವಜಾ. ಎಲ್ಲರೂ ಊಟಕ್ಕೆ ಏಳಿ.”

“ಕೂತ್ಕೊಳ್ಳಿ ದೊಡ್ಡಪ್ಪ” ಅಂದಳು ಅಕ್ಕ. “ಮಿಕ್ಕಿದ್ದೆಲ್ಲ ವಜಾ ಆಗ್ಲಿ. ಕರಡಿ ಯಾರಿಗೆ ಅನ್ನೋದು ಇವತ್ತೇ ತೀರ್ಮಾನ ಆಗ್ಬೇಕು.”

ಭಾವ ತಮ್ಮ ಕುರ್ಚಿಯನ್ನು ಎತ್ತಿ ತಂದು ಅಕ್ಕನ ಪಕ್ಕದಲ್ಲಿ ಹಾಕಿಕೊಂಡು ಕೂತರು.

“ಆಗ್ಲೇಬೇಕು” ಅಂದರು.